ನೆಗೆಟಿವ್ ಯಾರ ಬಳಿ ಇದೆ?

ಕಳೆದ ಚಳಿಗಾಲದಲ್ಲಿ ನಮ್ಮ ತಂಗಿಯ ಮಗಳ ನಿಕಾಹ್ ನಡೆಯಿತು. ಶಾದಿಮಹಲಿನ ಊಟದ ಮೇಜುಗಳ ಮೇಲೆ ಬಿರಿಯಾನಿ ತಟ್ಟೆಗಳ ನಡುವೆ ಒಂದೊಂದು ಚಿಕ್ಕ ಕಾರ್ಡು ಇಟ್ಟಿದ್ದರು. ಕಾರ್ಡಿನ ಮೇಲೆ ಕಪ್ಪು ಬಿಳಿ ಚೌಕಗಳ ಒಂದು ಗುರುತು. ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನಮ್ಮ ಮುಖದ ಒಂದು ಸೆಲ್ಫಿ ಕಳಿಸಿದರೆ ಸಾಕು, ಮದುವೆಯಲ್ಲಿ ತೆಗೆದ ಸಾವಿರಾರು ಚಿತ್ರಗಳ ರಾಶಿಯಿಂದ ನಾವಿರುವ ಚಿತ್ರಗಳು ಮಾತ್ರ ಹೆಕ್ಕಿ ಬರುತ್ತವೆ. ಮಕ್ಕಳಿಗೆ ಇದೊಂದು ಹಬ್ಬವೇ ಆಯಿತು.

ನಮ್ಮ ಖಾಲಾ ಎಪ್ಪತ್ತು ದಾಟಿದವರು. ಕ್ಯಾಮೆರಾ ಕಂಡೊಡನೆ ಸೆರಗನ್ನು ಮುಂದಕ್ಕೆ ಎಳೆದುಕೊಂಡು ಮುಖ ತಿರುಗಿಸುವುದು ಅವರ ಅಭ್ಯಾಸ. ಅವರು ಮನಸಾರೆ ತೆಗೆಸಿಕೊಂಡ ಫೋಟೊ ಒಂದೇ, ಅದು ಹಜ್ ಯಾತ್ರೆಯ ಪಾಸ್‌ಪೋರ್ಟಿಗಾಗಿ. ತಂಗಿಯ ಕಿರಿಯ ಮಗ ಚೇಷ್ಟೆಗೆಂದು ಖಾಲಾರ ಮುಖವನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿಬಿಟ್ಟ. ನಿಮಿಷದೊಳಗೆ ಹದಿನಾಲ್ಕು ಚಿತ್ರಗಳು ಬಂದವು. ಒಂದರಲ್ಲಿ ಅವರು ಕೈ ತೊಳೆಯುತ್ತಿದ್ದಾರೆ. ಇನ್ನೊಂದರಲ್ಲಿ ಯಾರದೋ ಹೆಗಲ ಹಿಂದೆ ಕುಳಿತು ಊಟ ಮಾಡುತ್ತಿದ್ದಾರೆ. ಮತ್ತೊಂದರಲ್ಲಿ, ಹುಡುಗಿಯನ್ನು ಕಳಿಸಿಕೊಡುವ ಹೊತ್ತಿನಲ್ಲಿ, ಕಂಬದ ಮರೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾರೆ.

"ನಾನು ತೆಗೆಸಿಕೊಳ್ಳಲೇ ಇಲ್ಲವಲ್ಲ ಬೇಟಾ, ಇಷ್ಟೆಲ್ಲ ಎಲ್ಲಿಂದ ಬಂತು?" ಎಂದರು ಖಾಲಾ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: "ನನ್ನ ಮುಖ ಹಿಡಿದು ಈ ಹುಡುಗ ಹುಡುಕಿದ. ಬೇರೆಯವರೂ ಹೀಗೆ ಹುಡುಕಬಹುದಾ?"

ಆಗ ನಮ್ಮ ಬಳಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತಾ ಹೋದಾಗ ಮೊದಲು ನೆನಪಾದದ್ದು ನಮ್ಮೂರ ಬಜಾರಿನ ಫೋಟೊ ಸ್ಟುಡಿಯೊ. ನಾವು ಚಿಕ್ಕವರಿದ್ದಾಗ ಮದುವೆಯ ಮಾತುಕತೆಗೆಂದು ಅಕ್ಕನ ಫೋಟೊ ಬೇಕಾಯಿತು. ಅಬ್ಬಾ ನಮ್ಮನ್ನೂ ಜೊತೆಗೆ ಕರೆದುಕೊಂಡು ಸ್ಟುಡಿಯೊಗೆ ಹೋದರು. ಮೂರು ಪ್ರತಿಗಳನ್ನು ಕೈಗೆ ತೆಗೆದುಕೊಂಡ ಮೇಲೂ ಅವರು ಅಂಗಡಿಯಿಂದ ಇಳಿಯಲಿಲ್ಲ. "ನೆಗೆಟಿವ್ ಕೊಡಿ" ಎಂದು ನಿಂತರು. ಅಂಗಡಿಯವರು ಮುಖ ಸಣ್ಣದು ಮಾಡಿಕೊಂಡೇ ಕೊಟ್ಟರು. ಆ ನೆಗೆಟಿವ್ ಮನೆಯ ಟ್ರಂಕಿನಲ್ಲಿ ಜಮೀನಿನ ಪತ್ರಗಳ ಜೊತೆ ಬಹಳ ವರ್ಷ ಇತ್ತು. ಸಂಬಂಧ ಕೂಡಿಬರದ ಮನೆಗಳಿಂದ ಫೋಟೊ ವಾಪಸು ತರಿಸುವುದೂ ಆಗ ರೂಢಿ. ಮುಖದ ಚಿತ್ರ ಎಲ್ಲಿದೆ, ಯಾರ ಕೈಯಲ್ಲಿದೆ ಎಂಬ ಲೆಕ್ಕ ಮನೆಯವರಿಗೆ ಗೊತ್ತಿರುತ್ತಿತ್ತು.

ಆ ಲೆಕ್ಕ ಯಾವಾಗ, ಹೇಗೆ ನಮ್ಮ ಕೈತಪ್ಪಿತು? ಅದನ್ನು ತಿಳಿಯಲು ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಪ್ಯಾರಿಸ್ಸಿನ ಬೀರುಗಳು

ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಯುರೋಪಿನ ಪೊಲೀಸರು ಕೈದಿಗಳ ಫೋಟೊ ತೆಗೆಯಲು ಆರಂಭಿಸಿದ್ದರು. ಪ್ಯಾರಿಸ್ ಪೊಲೀಸರ ಬಳಿ ಹತ್ತಾರು ಸಾವಿರ ಫೋಟೊಗಳು ಸೇರಿದವು. ಆದರೆ ಅವುಗಳಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಸಿಕ್ಕಿಬಿದ್ದ ಕಳ್ಳ ಸುಳ್ಳು ಹೆಸರು ಹೇಳಿದರೆ ಅವನ ಹಳೆಯ ಫೋಟೊವನ್ನು ಆ ರಾಶಿಯಲ್ಲಿ ಹುಡುಕುವುದು ಹೇಗೆ? ಫೋಟೊ ತೆಗೆಯುವುದು ಸುಲಭ, ತೆಗೆದದ್ದನ್ನು ಹುಡುಕುವುದು ಕಷ್ಟ ಎಂಬುದು ಅವರ ಅನುಭವಕ್ಕೆ ಬಂತು. ನಮ್ಮ ಇಂದಿನ ಕಥೆಯ ಮೂಲ ಇಲ್ಲಿಯೇ ಇದೆ.

1879ರಲ್ಲಿ ಆ ಕಚೇರಿಗೆ ಗುಮಾಸ್ತನಾಗಿ ಸೇರಿದ ಅಲ್ಫೋನ್ಸ್ ಬರ್ಟಿಲಾನ್ ಎಂಬ ತರುಣ ಇದಕ್ಕೊಂದು ದಾರಿ ಕಂಡುಹಿಡಿದ. ತಲೆಯ ಉದ್ದ, ತಲೆಯ ಅಗಲ, ನಡುಬೆರಳು, ಎಡಪಾದ ಎಂದು ದೇಹದ 11 ಅಳತೆಗಳನ್ನು ತೆಗೆದು, ಅಳತೆಗೆ ತಕ್ಕಂತೆ ಕಾರ್ಡುಗಳನ್ನು ಬೀರುವಿನ ಬೇರೆ ಬೇರೆ ಖಾನೆಗಳಲ್ಲಿಟ್ಟ. ಕಾರ್ಡಿಗೆ ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ಅಂಟಿಸಿದ. 1883ರಲ್ಲಿ ಹೆಸರು ಮರೆಮಾಚಿದ್ದ ಒಬ್ಬ ಹಳೆಯ ಅಪರಾಧಿ ಈ ಅಳತೆಗಳಿಂದಲೇ ಸಿಕ್ಕಿಬಿದ್ದಾಗ ಬರ್ಟಿಲಾನನ ಕೀರ್ತಿ ದೇಶದೇಶಗಳಿಗೆ ಹಬ್ಬಿತು. ಮುಖವನ್ನು, ದೇಹವನ್ನು ಅಂಕಿಗಳಾಗಿ ಬರೆದಿಟ್ಟರೆ ಹುಡುಕಬಹುದು ಎಂಬ ವಿಚಾರ ಅಂದಿನಿಂದ ನಮ್ಮ ಬೆನ್ನು ಬಿಟ್ಟಿಲ್ಲ.

ಆದರೂ ಬರ್ಟಿಲಾನನ ಪದ್ಧತಿಗೆ ಒಂದು ಮಿತಿಯಿತ್ತು. ಅಳೆಯಬೇಕಾದ ಮನುಷ್ಯ ಎದುರಿಗೆ ಬಂದು ಕುಳಿತುಕೊಳ್ಳಬೇಕಿತ್ತು. ಅವನಿಗೆ ಗೊತ್ತಿಲ್ಲದೆ ಅವನ ಕಿವಿಯನ್ನಾಗಲಿ ಪಾದವನ್ನಾಗಲಿ ಅಳೆಯಲು ಸಾಧ್ಯವಿರಲಿಲ್ಲ.

ಬಂಗಾಳದ ಬೆರಳುಗಳು

ಅದಕ್ಕೂ ಮುಂಚೆಯೇ ನಮ್ಮ ದೇಶದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಹಿಂಬದಿಗೆ ಒತ್ತಿಸಿಕೊಂಡ. ಮುಂದೆ ಇವನು ತನ್ನ ಸಹಿಯನ್ನು ಅಲ್ಲಗಳೆಯದಂತೆ ಹೆದರಿಸುವುದಷ್ಟೇ ಆಗ ಹರ್ಷಲ್‌ನ ಉದ್ದೇಶವಾಗಿತ್ತು. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಆತ ಜೈಲಿನ ಕೈದಿಗಳಿಗೂ ಪಿಂಚಣಿದಾರರಿಗೂ ಬೆರಳೊತ್ತಿನ ಕ್ರಮ ತಂದ.

ಬೆರಳಚ್ಚುಗಳಿಗೂ ಪ್ಯಾರಿಸ್ಸಿನ ಫೋಟೊಗಳ ಗತಿಯೇ ಆಯಿತು. ರಾಶಿ ಬೆಳೆಯಿತು, ಹುಡುಕುವ ದಾರಿ ಇರಲಿಲ್ಲ. ಆ ದಾರಿ ಮಾಡಿಕೊಟ್ಟವರಲ್ಲಿ ಮುಖ್ಯರಾದವರು ಖುಲ್ನಾ ಜಿಲ್ಲೆಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಗಣಿತ ಓದಿದ ಕಾಜಿ ಅಜೀಜುಲ್ ಹಕ್. ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಹಕ್ ಮತ್ತು ಹೇಮಚಂದ್ರ ಬೋಸ್ ಸೇರಿ ಬೆರಳಚ್ಚುಗಳನ್ನು 1,024 ಖಾನೆಗಳಲ್ಲಿ ವಿಂಗಡಿಸುವ ಲೆಕ್ಕಾಚಾರ ಸಿದ್ಧಪಡಿಸಿದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ತೆರೆಯಿತು. 1901ರಲ್ಲಿ ಅದೇ ಪದ್ಧತಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಸೇರಿತು. ಹಕ್‌ರಿಗೆ ಖಾನ್ ಬಹಾದ್ದೂರ್ ಬಿರುದು ಬಂತು. ಪದ್ಧತಿ ಮಾತ್ರ ಲೋಕಕ್ಕೆಲ್ಲ ಇಂದಿಗೂ ಹೆನ್ರಿಯ ಹೆಸರಿನಿಂದಲೇ ಪರಿಚಿತ.

ಈ ಸಾಧನೆಯ ಬಗ್ಗೆ ಹೆಮ್ಮೆಪಡುವಾಗ ಅದರ ಪಕ್ಕದಲ್ಲೇ ಇರುವ ಇನ್ನೊಂದು ಪುಟವನ್ನೂ ಓದಬೇಕಾಗುತ್ತದೆ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ಇಲ್ಲಿನ ಜಾತಿ, ಬುಡಕಟ್ಟುಗಳ ಜನರ ಫೋಟೊಗಳಿರುವ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಹೊರತಂದಿತು. ಯಾವ ಜನ ನಂಬಿಗಸ್ತರು, ಯಾವ ಜನ ಅಪಾಯಕಾರಿಗಳು ಎಂಬ ಷರಾಗಳೂ ಅದರಲ್ಲಿದ್ದವು. ಆ ಸಂಪುಟಗಳು ಹೊರಬರುತ್ತಿದ್ದ ಕಾಲದಲ್ಲೇ, 1871ರಲ್ಲಿ, ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ಏನೂ ತಪ್ಪು ಮಾಡದವರನ್ನೂ ಹುಟ್ಟಿನಿಂದಲೇ ಅಪರಾಧಿಗಳೆಂದು ದಫ್ತರಿನಲ್ಲಿ ಬರೆಯಲಾಯಿತು. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ, ಆ ಕಾಯ್ದೆ ರದ್ದಾಯಿತು. ಗುರುತು ಹಿಡಿಯುವ ಉಪಕರಣಗಳೆಲ್ಲ ಮೊದಲು ಬೇಡ ಎನ್ನಲಾಗದವರ ಮೇಲೆ, ಅಂದರೆ ಕೈದಿಗಳ, ಅಲೆಮಾರಿಗಳ, ಆಳಿಸಿಕೊಂಡವರ ಮೇಲೆ ಪ್ರಯೋಗವಾದವು. ಉಳಿದವರ ಸರದಿ ಆಮೇಲೆ ಬಂತು.

ಯಂತ್ರ ಕಣ್ಣು ಬಿಟ್ಟದ್ದು

ಮನುಷ್ಯರ ಬದಲು ಕಂಪ್ಯೂಟರೇ ಮುಖವನ್ನು ಹುಡುಕುವಂತೆ ಮಾಡುವ ಪ್ರಯತ್ನ 1960ರ ದಶಕದಲ್ಲಿ ಅಮೆರಿಕದಲ್ಲಿ ನಡೆಯಿತು. ಕ್ಯಾಲಿಫೋರ್ನಿಯಾದಲ್ಲಿ ವುಡ್ರೋ ಬ್ಲೆಡ್ಸೋ ಎಂಬ ಗಣಿತಜ್ಞ ಮತ್ತು ಅವರ ಸಂಗಡಿಗರು ಫೋಟೊದಲ್ಲಿರುವ ಕಣ್ಣಿನ ಅಂಚು, ಬಾಯಿಯ ಕೊನೆ, ಕೂದಲ ಗೆರೆ ಮೊದಲಾದ ಬಿಂದುಗಳನ್ನು ಕೈಯಿಂದ ಗುರುತಿಸಿ, ಅವುಗಳ ನಡುವಿನ 20 ಅಂತರಗಳನ್ನು ಕಂಪ್ಯೂಟರಿಗೆ ಉಣಿಸಿದರು. ಒಬ್ಬ ಕೆಲಸಗಾರ ಗಂಟೆಗೆ 40 ಫೋಟೊಗಳನ್ನು ಮುಗಿಸಬಹುದಿತ್ತು. ಬರ್ಟಿಲಾನನ ಅಳತೆಪಟ್ಟಿ ಹೊಸ ವೇಷದಲ್ಲಿ ಬಂದಿತ್ತು. ಆದರೆ ಈಗ ಮನುಷ್ಯ ಎದುರಿಗಿರಬೇಕಾಗಿರಲಿಲ್ಲ, ಅವನ ಫೋಟೊ ಇದ್ದರೆ ಸಾಕಾಗಿತ್ತು. ಬೇಹುಗಾರಿಕೆ ಸಂಸ್ಥೆ ಸಿಐಎಯ ಹಣ ಈ ಕೆಲಸದ ಹಿಂದಿತ್ತು ಎಂಬುದು ಬಹಳ ವರ್ಷಗಳ ಮೇಲೆ ಬೆಳಕಿಗೆ ಬಂತು.

1970ರಲ್ಲಿ ಜಪಾನಿನ ಒಸಾಕಾದ ಅಂತರರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ಒಂದು ಮೋಜಿನ ಯಂತ್ರವಿತ್ತು. ಅದರ ಮುಂದೆ ಕುಳಿತರೆ ನಿಮ್ಮ ಮುಖ ಯಾವ ಪ್ರಸಿದ್ಧ ವ್ಯಕ್ತಿಯನ್ನು ಹೋಲುತ್ತದೆ ಎಂದು ಹೇಳುತ್ತಿತ್ತು. ಜನ ನಗುನಗುತ್ತಾ ಕುಳಿತು ಎದ್ದುಹೋದರು. ಅಲ್ಲಿ ಸಂಗ್ರಹವಾದ ಮುಖಗಳ ಚಿತ್ರಗಳನ್ನು ಬಳಸಿಕೊಂಡು ಕ್ಯೋಟೊ ವಿಶ್ವವಿದ್ಯಾಲಯದ ತಕೆಯೊ ಕನಡೆ 1973ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದರು. ಅವರ ಯಂತ್ರಕ್ಕೆ ಬಿಂದುಗಳನ್ನು ಯಾರೂ ಗುರುತು ಮಾಡಿಕೊಡಬೇಕಾಗಿರಲಿಲ್ಲ, ತಾನೇ ಹುಡುಕಿಕೊಳ್ಳುತ್ತಿತ್ತು. ಕನಡೆಯವರು ಕೆಟ್ಟ ಕೆಲಸ ಮಾಡಿದರೆಂದು ನಾವು ಹೇಳುತ್ತಿಲ್ಲ. ಮೋಜಿಗೆಂದು ಕೊಟ್ಟ ಮುಖ ಬೇರೆ ಕೆಲಸಕ್ಕೆ ಬಳಕೆಯಾಗುವ ಪರಿಪಾಠ ಅಷ್ಟು ಹಳೆಯದು ಎಂಬುದನ್ನಷ್ಟೇ ಓದುಗರ ಗಮನಕ್ಕೆ ತರುತ್ತಿದ್ದೇವೆ.

2001ರ ಜನವರಿಯಲ್ಲಿ ಅಮೆರಿಕದ ಟ್ಯಾಂಪಾ ನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಬಂದ ಪ್ರೇಕ್ಷಕರ ಮುಖಗಳನ್ನು ಅವರಿಗೆ ತಿಳಿಸದೆಯೇ ಪೊಲೀಸ್ ದಾಖಲೆಗಳ ಜೊತೆ ಹೋಲಿಸಿ ನೋಡಲಾಯಿತು. ಸುದ್ದಿ ಹೊರಬಿದ್ದಾಗ ಅಲ್ಲಿ ದೊಡ್ಡ ಗದ್ದಲವೇ ಆಯಿತು. ಅದೇ ವರ್ಷದ ಸೆಪ್ಟೆಂಬರ್ 11ರ ನಂತರ ಅಂಥ ಗದ್ದಲಗಳ ದನಿ ತಗ್ಗಿತು.

ನಾವೇ ತುಂಬಿದ ಆಲ್ಬಮ್

ಇಷ್ಟಾದರೂ ಯಂತ್ರಕ್ಕೆ ಒಂದು ಕೊರತೆಯಿತ್ತು. ಕಲಿಯಲು ಬೇಕಾದಷ್ಟು ಮುಖಗಳು ಅದರ ಬಳಿ ಇರಲಿಲ್ಲ. ಆ ಕೊರತೆಯನ್ನು ನೀಗಿಸಿದವರು ಯಾವ ಪೊಲೀಸರೂ ಅಲ್ಲ, ನಾವೇ. ಈದ್ ದಿನದ ಹೊಸ ಬಟ್ಟೆ, ಶಾಲೆಯ ವಾರ್ಷಿಕೋತ್ಸವ, ಮಗುವಿನ ಮೊದಲ ಹೆಜ್ಜೆ ಎಲ್ಲವನ್ನೂ ಫೇಸ್‌ಬುಕ್ಕಿಗೆ ಏರಿಸಿದೆವು. 2010ರ ಕೊನೆಗೆ ಫೇಸ್‌ಬುಕ್, ಈ ಚಿತ್ರದಲ್ಲಿರುವವರು ಇಂಥವರಲ್ಲವೇ ಎಂದು ತಾನೇ ಹೆಸರು ಸೂಚಿಸತೊಡಗಿತು. ಹೌದು ಎಂದು ನಾವು ಒತ್ತಿದಾಗಲೆಲ್ಲ ಯಂತ್ರಕ್ಕೆ ಪಾಠ ಹೇಳಿಕೊಟ್ಟಂತಾಯಿತು. 2014ರಲ್ಲಿ ಅದರ ತಂತ್ರಜ್ಞರು ತಮ್ಮ ಯಂತ್ರ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ಶೇ. 97.35ರಷ್ಟು ಸರಿಯುತ್ತರ ಕೊಟ್ಟಿತೆಂದು ಪ್ರಕಟಿಸಿದರು. ಮನುಷ್ಯರ ಕಣ್ಣಿಗೂ ಅದಕ್ಕೂ ಹೆಚ್ಚು ಅಂತರ ಉಳಿದಿರಲಿಲ್ಲ.

ಈ ಯಂತ್ರ ಮಾಡುವ ಕೆಲಸವನ್ನು ನಮ್ಮ ಮೊಹಲ್ಲಾದ ದರ್ಜಿಯ ಪುಸ್ತಕಕ್ಕೆ ಹೋಲಿಸಬಹುದು. ದರ್ಜಿ ನಮ್ಮ ಚಿತ್ರ ಬರೆದುಕೊಳ್ಳುವುದಿಲ್ಲ. ಎದೆ, ತೋಳು, ಉದ್ದ ಎಂದು ಅಂಕಿಗಳನ್ನು ಬರೆದುಕೊಳ್ಳುತ್ತಾನೆ. ಯಂತ್ರವೂ ಪ್ರತಿ ಮುಖವನ್ನು ನೂರಾರು ಅಂಕಿಗಳ ಒಂದು ಸಾಲಾಗಿ ಬರೆದಿಡುತ್ತದೆ. ಎರಡು ಫೋಟೊಗಳ ಅಂಕಿಗಳು ಸಮೀಪವಿದ್ದರೆ ಇಬ್ಬರೂ ಒಬ್ಬರೇ ಇರಬಹುದೆಂದು ಊಹಿಸುತ್ತದೆ. ಗಡ್ಡ ಬಿಟ್ಟರೂ, ಕನ್ನಡಕ ಹಾಕಿದರೂ, ಹತ್ತು ವರ್ಷ ಕಳೆದರೂ ಈ ಅಂಕಿಗಳು ಬಹುಪಾಲು ತಾಳೆಯಾಗುತ್ತವೆ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಮುಖವನ್ನು ಎಲ್ಲಿಂದ ಬದಲಿಸುವುದು?

ಇಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಬೇಕು. ನಮ್ಮ ಮೊಬೈಲು ನಮ್ಮ ಮುಖ ನೋಡಿ ಬೀಗ ತೆರೆಯುವುದು ತಾಳೆ ನೋಡುವ ಕೆಲಸ: ಬಂದವನು ನಾನೇ ಹೌದೆಂದು ಹೇಳುತ್ತಾನೆ, ಯಂತ್ರ ಒಪ್ಪುತ್ತದೆ. 2022ರ ಡಿಸೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆರಂಭವಾದ ಡಿಜಿಯಾತ್ರಾ ಕೂಡ ಹೆಚ್ಚುಕಡಿಮೆ ಇದೇ ಬಗೆಯದು. ಹುಡುಕುವ ಕೆಲಸ ಬೇರೆ. ಅಲ್ಲಿ ಯಾರೂ ತಾನು ಇಂಥವನು ಎಂದು ಹೇಳಿರುವುದಿಲ್ಲ. ದಾರಿಯಲ್ಲಿ ಹೋಗುವ ಅಪರಿಚಿತರ ಚಿತ್ರ ಹಿಡಿದು, ಕೋಟ್ಯಂತರ ಮುಖಗಳ ರಾಶಿಯಲ್ಲಿ ಇವರು ಯಾರು ಎಂದು ಕೇಳಲಾಗುತ್ತದೆ.

ಅಪರಿಚಿತರೇ ಇಲ್ಲದ ಲೋಕ

ಈ ಹುಡುಕಾಟವನ್ನು ಸಾಮಾನ್ಯರ ಕೈಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟ ಮೊದಲಿಗರಲ್ಲಿ ರಷ್ಯಾದ ಫೈಂಡ್‌ಫೇಸ್ ಒಂದು. 2016ರಲ್ಲಿ ಅದು ಬಂದ ಸ್ವಲ್ಪ ದಿನಗಳಲ್ಲೇ ಸೇಂಟ್ ಪೀಟರ್ಸ್‌ಬರ್ಗಿನ ಯೆಗೋರ್ ಸ್ವೆಟ್ಕೋವ್ ಎಂಬ ಛಾಯಾಗ್ರಾಹಕ ಮೆಟ್ರೊ ರೈಲಿನಲ್ಲಿ ಎದುರಿಗೆ ಕುಳಿತ ಅಪರಿಚಿತರ ಫೋಟೊ ತೆಗೆದು, ಅವರಲ್ಲಿ ಅನೇಕರ ಅಂತರ್ಜಾಲದ ಪುಟಗಳನ್ನು ಪತ್ತೆ ಮಾಡಿ ಪ್ರದರ್ಶಿಸಿದ. ಎಚ್ಚರಿಕೆ ಕೊಡುವುದು ಅವನ ಉದ್ದೇಶವಾಗಿತ್ತು. ಅದೇ ತಿಂಗಳುಗಳಲ್ಲಿ ಬೇರೆ ಕೆಲವರು ಅದೇ ಉಪಕರಣದಿಂದ ಅಶ್ಲೀಲ ಚಿತ್ರಗಳಲ್ಲಿ ನಟಿಸಿದ್ದ ಹೆಂಗಸರ ನಿಜ ಹೆಸರುಗಳನ್ನು ಹುಡುಕಿ, ಅವರ ಬಂಧುಗಳಿಗೂ ಸ್ನೇಹಿತರಿಗೂ ತಿಳಿಸಿ ಕಾಡಿದರು.

2017ರಲ್ಲಿ ಪೋಲೆಂಡಿನಲ್ಲಿ ಪಿಮ್‌ಐಸ್ ಹುಟ್ಟಿಕೊಂಡಿತು. ಒಂದು ಮುಖದ ಚಿತ್ರ ಕೊಟ್ಟರೆ ಅಂತರ್ಜಾಲದಲ್ಲಿ ಆ ಮುಖ ಎಲ್ಲೆಲ್ಲಿದೆಯೋ ಹುಡುಕಿ ತೋರಿಸುತ್ತದೆ. ಕೊಟ್ಟ ಮುಖ ನಿಮ್ಮದೇ ಇರಬೇಕೆಂಬುದು ನಿಯಮ. ಆದರೆ ನಮ್ಮ ತಂಗಿಯ ಮಗ ಖಾಲಾರ ಮುಖ ಕೊಟ್ಟಾಗ ಮದುವೆಯ ಯಂತ್ರ ಇದು ನಿನ್ನದೇ ಎಂದು ಕೇಳಿತ್ತೇ? ಪಿಮ್‌ಐಸ್‌ನಿಂದ ಹೊರಗುಳಿಯಬೇಕೆನ್ನುವವರು ಅರ್ಜಿ ಹಾಕಬಹುದು, ಅದಕ್ಕೂ ಮತ್ತೆ ಮುಖದ ಚಿತ್ರವನ್ನೇ ಕೊಡಬೇಕು. 2024ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಕ್ಯಾಮೆರಾ ಇರುವ ಕನ್ನಡಕವನ್ನು ಇದಕ್ಕೆ ಜೋಡಿಸಿ, ಎದುರಿಗೆ ಬಂದವರ ಹೆಸರು, ವಿಳಾಸ ಹೇಳಬಹುದೆಂದು ತೋರಿಸಿಕೊಟ್ಟರು.

2020ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕಶ್ಮೀರ್ ಹಿಲ್ ಎಂಬ ಪತ್ರಕರ್ತೆ ಕ್ಲಿಯರ್‌ವ್ಯೂ ಎಐ ಎಂಬ ಕಂಪನಿಯ ಗುಟ್ಟು ಬಯಲಿಗೆಳೆದರು. ಫೇಸ್‌ಬುಕ್, ಯೂಟ್ಯೂಬ್ ಮೊದಲಾದೆಡೆಗಳಿಂದ ಯಾರನ್ನೂ ಕೇಳದೆ 300 ಕೋಟಿ ಚಿತ್ರಗಳನ್ನು ಬಾಚಿಕೊಂಡು, ಹುಡುಕುವ ಸೌಲಭ್ಯವನ್ನು ಅದು ಪೊಲೀಸರಿಗೆ ಮಾರುತ್ತಿತ್ತು. 2024ರಲ್ಲಿ ನೆದರ್‌ಲ್ಯಾಂಡ್ಸ್‌ನ ಖಾಸಗಿತನ ರಕ್ಷಣಾ ಪ್ರಾಧಿಕಾರ ಅದಕ್ಕೆ 3 ಕೋಟಿ 5 ಲಕ್ಷ ಯೂರೊ ದಂಡ ವಿಧಿಸಿತು. ಇನ್ನೊಂದು ಕಡೆ, ಅಮೆರಿಕದ ಇಲಿನಾಯ್ ರಾಜ್ಯ 2008ರಲ್ಲೇ ಮಾಡಿದ್ದ ಕಾನೂನಿನ ಬಲದಿಂದ ಅಲ್ಲಿನ ಸಾಮಾನ್ಯ ಬಳಕೆದಾರರು ಫೇಸ್‌ಬುಕ್ಕನ್ನು ಕೋರ್ಟಿಗೆಳೆದು 65 ಕೋಟಿ ಡಾಲರ್ ಪರಿಹಾರ ಪಡೆದರು. 2021ರ ನವೆಂಬರಿನಲ್ಲಿ ಫೇಸ್‌ಬುಕ್ ನೂರು ಕೋಟಿಗೂ ಹೆಚ್ಚು ಜನರ ಮುಖದ ಅಳತೆಗಳನ್ನು ಅಳಿಸಿಹಾಕುವುದಾಗಿ ಘೋಷಿಸಿತು. ಕಾನೂನು ಇದ್ದರೆ ಆಲ್ಬಮ್ಮಿನ ಹಾಳೆ ಹರಿಯುವುದೂ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಅಂಗಳದಲ್ಲಿ

ಕಾಣೆಯಾದ ಮಕ್ಕಳನ್ನು ಹುಡುಕಲೂ ಈ ಯಂತ್ರ ಬೇಕಲ್ಲವೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೆಹಲಿ ಪೊಲೀಸರು 2018ರಲ್ಲಿ ಇದನ್ನು ತರಿಸಿದ್ದೂ ಮಕ್ಕಳ ಹೆಸರಿನಲ್ಲೇ. ಆದರೆ ಅದೇ ವರ್ಷ ದೆಹಲಿ ಹೈಕೋರ್ಟಿಗೆ ಅವರು ಹೇಳಿದ ಪ್ರಕಾರ ಅದರ ನಿಖರತೆ ಶೇ. 2 ಮಾತ್ರ. 2020ರ ಫೆಬ್ರವರಿಯಲ್ಲಿ ಈಶಾನ್ಯ ದೆಹಲಿಯಲ್ಲಿ ಗಲಭೆ ನಡೆದ ಮೇಲೆ, ಮಾರ್ಚಿನಲ್ಲಿ ಗೃಹಮಂತ್ರಿ ಅಮಿತ್ ಶಾ ಲೋಕಸಭೆಯಲ್ಲಿ ಮಾತನಾಡುತ್ತಾ, ಮತದಾರರ ಚೀಟಿ ಮತ್ತು ಚಾಲನಾ ಪರವಾನಗಿಯ ಚಿತ್ರಗಳನ್ನು ಬಳಸಿ ಮುಖ ಗುರುತಿಸುವ ಸಾಫ್ಟ್‌ವೇರಿನಿಂದ 1,100 ಜನರನ್ನು ಪತ್ತೆ ಮಾಡಲಾಗಿದೆ ಎಂದರು. ತಪ್ಪಿತಸ್ಥರು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮತ ಹಾಕಲೆಂದು, ಗಾಡಿ ಓಡಿಸಲೆಂದು ಕೊಟ್ಟ ಮುಖ ಪೊಲೀಸ್ ಹುಡುಕಾಟದ ಬೀರುವಿಗೆ ಹೋಗುತ್ತದೆಂದು ಕೊಡುವಾಗ ಯಾರಿಗೆ ಗೊತ್ತಿತ್ತು? 2021ರಲ್ಲಿ ಹೈದರಾಬಾದಿನ ದಾರಿಯಲ್ಲಿ ಪೊಲೀಸರು ತಡೆದು, ಮಾಸ್ಕ್ ತೆಗೆಸಿ ಫೋಟೊ ಹಿಡಿದಾಗ ಒಬ್ಬ ಸಾಮಾಜಿಕ ಕಾರ್ಯಕರ್ತರು ಇದೇ ಪ್ರಶ್ನೆಯನ್ನು ತೆಲಂಗಾಣ ಹೈಕೋರ್ಟಿಗೆ ಒಯ್ದರು.

ಯಂತ್ರ ತಪ್ಪುವುದೂ ಉಂಟು, ಎಲ್ಲರ ವಿಷಯದಲ್ಲಿ ಸಮನಾಗಿಯೂ ಅಲ್ಲ. ಜಾಯ್ ಬುವಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು 2018ರಲ್ಲಿ, ಮುಖ ನೋಡಿ ಗಂಡು ಹೆಣ್ಣು ಎಂದು ಹೇಳುವ ಯಂತ್ರಗಳನ್ನು ಪರೀಕ್ಷಿಸಿದರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8, ಕಪ್ಪು ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ. 2020ರಲ್ಲಿ ಡೆಟ್ರಾಯಿಟ್ ನಗರದ ಪೊಲೀಸರು ಯಂತ್ರದ ತಪ್ಪು ಊಹೆಯಿಂದ ಕಪ್ಪು ವರ್ಣದ ಒಬ್ಬ ನಿರಪರಾಧಿಯನ್ನು ಹೆಂಡತಿ ಮಕ್ಕಳ ಎದುರಿಗೆ ಬೇಡಿ ಹಾಕಿ ಕರೆದೊಯ್ದಿದ್ದರು.

ಹೆಣ್ಣುಮಕ್ಕಳ ಚಿತ್ರಗಳಿಗೆ ಏನಾಗಬಹುದೆಂಬುದನ್ನು ನಮ್ಮ ಮನೆಗಳು ಯಂತ್ರವಿಲ್ಲದೆಯೂ ಕಂಡಿವೆ. 2021ರ ಜುಲೈಯಲ್ಲಿ ಒಮ್ಮೆ, 2022ರ ಜನವರಿ 1ರಂದು ಮತ್ತೊಮ್ಮೆ, ಮುಸ್ಲಿಂ ಹೆಣ್ಣುಮಕ್ಕಳು ತಾವೇ ಹಾಕಿಕೊಂಡಿದ್ದ ಚಿತ್ರಗಳನ್ನು ಕದ್ದು ಹರಾಜಿಗಿಟ್ಟಂತೆ ಆ್ಯಪ್‌ಗಳಲ್ಲಿ ತೋರಿಸಿದರು. ಎರಡನೆಯ ಪ್ರಕರಣದಲ್ಲಿ ಬಂಧಿತನಾದ ಒಬ್ಬ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಅಲ್ಲಿ ಗುರಿಯಾದವರು ಪತ್ರಕರ್ತೆಯರು, ವಕೀಲೆಯರು, ಹೋರಾಟಗಾರ್ತಿಯರು, ಅಂದರೆ ಹೆಸರಿದ್ದವರು. ಮುಖದಿಂದ ಹುಡುಕುವ ಯಂತ್ರಕ್ಕೆ ಹೆಸರೂ ಬೇಕಿಲ್ಲ. ಬಸ್ ನಿಲ್ದಾಣದಲ್ಲಿ ನಿಂತ ಹುಡುಗಿಯ ಒಂದು ಚಿತ್ರ ಸಾಕು. ಹಾಗೆಂದು ನಮ್ಮ ಹುಡುಗಿಯರು ಫೋಟೊ ಹಾಕಲೇಬಾರದು, ಹೊರಗೆ ಕಾಣಿಸಲೇಬಾರದು ಎಂದು ಗದರುವವರ ಸಾಲಿನಲ್ಲಿ ನಾವಿಲ್ಲ. ಕಳ್ಳ ಬಂದನೆಂದು ಮನೆಯವರಿಗೇ ಶಿಕ್ಷೆ ಕೊಡುವುದು ಯಾವ ನ್ಯಾಯ? ಬುರ್ಖಾದೊಳಗಿನ ಹುಡುಗಿಗೂ, ಕಾಲೇಜಿನ ವೇದಿಕೆ ಏರಿ ಹಾಡುವ ಹುಡುಗಿಗೂ, ತನ್ನ ಮುಖ ಎಲ್ಲಿಯವರೆಗೆ ಹೋಗಬೇಕೆಂದು ತೀರ್ಮಾನಿಸುವ ಹಕ್ಕು ಒಂದೇ.

ಈ ಹಕ್ಕಿನ ಹಿಂದೆ ನಮ್ಮ ನಾಡಿನ ಹಿರಿಯರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. 2024ರ ಅಕ್ಟೋಬರಿನಲ್ಲಿ ಪುಟ್ಟಸ್ವಾಮಿಯವರು ಬೆಂಗಳೂರಿನಲ್ಲಿ ತೀರಿಕೊಂಡರು. ಆ ತೀರ್ಪಿನ ಬೆನ್ನಿಗೆ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ಆದರೆ ಒಬ್ಬರು ತಾವಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಎಲ್ಲರಿಗೂ ಕಾಣುವಂತೆ ನಾವು ಹಾಕಿದ ಈದ್ ಫೋಟೊಗೆ ಆ ಬಾಗಿಲು ಮುಚ್ಚಿದಂತೆ. ನಾಲ್ಕು ಜನ ನೋಡಲಿ ಎಂದು ಹಾಕಿದ್ದು ಬೇರೆ, ಯಾರು ಬೇಕಾದರೂ ಅಳೆದು ಬೀರುವಿನಲ್ಲಿಡಲಿ ಎಂದು ಒಪ್ಪಿದ್ದು ಬೇರೆ. ಈ ವ್ಯತ್ಯಾಸವನ್ನು ಕಾನೂನು ಇನ್ನೂ ಬರೆದುಕೊಳ್ಳಬೇಕಾಗಿದೆ.

ನಮ್ಮ ಮೊಹಲ್ಲಾಗಳಲ್ಲಿ ಬಾಗಿಲು ತೆರೆದೇ ಇದ್ದರೂ ಸಲಾಂ ಹೇಳಿ, ಒಳಗಿನಿಂದ ಉತ್ತರ ಬಂದ ಮೇಲೆ ಹೊಸಿಲು ದಾಟುವುದು ವಾಡಿಕೆ. ತೆರೆದ ಬಾಗಿಲನ್ನು ಯಾರೂ ಅನುಮತಿ ಎಂದು ತಿಳಿಯುವುದಿಲ್ಲ. ನಾವು ಕೇಳುತ್ತಿರುವುದು ಇಷ್ಟೇ ದೊಡ್ಡದು.

ಮದುವೆಯಾದ ವಾರಕ್ಕೆ ನಾವು ಛಾಯಾಗ್ರಾಹಕರ ಬಳಿ ಹೋಗಿ ಖಾಲಾರ ಹದಿನಾಲ್ಕು ಚಿತ್ರಗಳನ್ನು ತೆಗೆದುಬಿಡಿ ಎಂದು ಕೇಳಿಕೊಂಡೆವು. ಸಂಭಾವಿತ ಹುಡುಗ, ಬೇಸರಿಸದೆ ನಮ್ಮೆದುರಿಗೇ ಅಳಿಸಿದ. "ಇನ್ನು ಬೇರೆಲ್ಲೂ ಇರುವುದಿಲ್ಲ ತಾನೇ?" ಎಂದೆವು. ಅವನು ತಲೆ ಕೆರೆದುಕೊಂಡ. "ನನ್ನ ಕಂಪ್ಯೂಟರಿನಿಂದ ಹೋಯಿತು ಸಾರ್. ಮುಖ ಹುಡುಕಿಕೊಡುವ ಕಂಪನಿ ಬೇರೆ. ಅವರ ಹತ್ತಿರ ಏನಿದೆಯೋ ನನಗೂ ಗೊತ್ತಿಲ್ಲ. ಇಷ್ಟರೊಳಗೆ ಯಾರು ಯಾರು ಇಳಿಸಿಕೊಂಡಿದ್ದಾರೋ ಅದೂ ಗೊತ್ತಿಲ್ಲ."

ಮನೆಗೆ ಬಂದಾಗ ಖಾಲಾ ಅಸರ್ ನಮಾಜು ಮುಗಿಸಿ ಜಾನಮಾಜನ್ನು ಮಡಚುತ್ತಿದ್ದರು. ಫೋಟೊಗಳನ್ನು ಅಳಿಸಿದರೆಂದು ಹೇಳಿದೆವು. ಅವರು ನಮ್ಮ ಬರಿಗೈ ನೋಡಿ ಕೇಳಿದರು:

"ಮತ್ತೆ ನೆಗೆಟಿವ್?"